ನ್ಯೂಟ್ರಿನೊ ಬಂದ ದಿಕ್ಕಿನಲ್ಲಿ ಗಾಮಾ ಬೆಳಕು ಕಂಡರೆ ಸಾಕಾ?

ಪ್ರಶ್ನೆ: ಸರ್, ನಾನು ಮಂಗಳೂರಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿನಿ. ಪಿಲಿಕುಳದ ತಾರಾಲಯಕ್ಕೆ ಹೋಗಿ ಬಂದ ಮೇಲೆ ನ್ಯೂಟ್ರಿನೊ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ದಕ್ಷಿಣ ಧ್ರುವದ ಐಸ್‌ಕ್ಯೂಬ್ ಎಂಬ ನ್ಯೂಟ್ರಿನೊ ಪತ್ತೆಯಂತ್ರಕ್ಕೆ ಬಹಳ ದೂರದಿಂದ ಭಾರೀ ಶಕ್ತಿಯ ನ್ಯೂಟ್ರಿನೊಗಳು ಬರುತ್ತಿವೆ, ಆದರೆ ಹೆಚ್ಚಿನವು ಎಲ್ಲಿಂದ ಹೊರಟವು ಅಂತ ಗೊತ್ತಿಲ್ಲವಂತೆ. ಗಾಮಾ ಕಿರಣದ ಆಕಾಶ ನಕ್ಷೆ ಇದೆಯಲ್ಲ, ಅದರ ಮೇಲೆ ನ್ಯೂಟ್ರಿನೊ ಬಂದ ದಿಕ್ಕುಗಳನ್ನು ಗುರುತು ಹಾಕಿದರೆ ಮುಗೀತಲ್ವಾ? ಇನ್ನೂ ಯಾಕೆ ಸಿಕ್ಕಿಲ್ಲ? ಈ ಡೇಟಾ ಎಲ್ಲ ಉಚಿತ ಅಂತಾರೆ. ನಾನು ಮನೆಯಲ್ಲೇ ಲ್ಯಾಪ್‌ಟಾಪಿನಲ್ಲಿ ಪ್ರಯತ್ನ ಮಾಡಬಹುದಾ?

ಉತ್ತರ: ಮಾಡಬಹುದು, ಮಾಡಲೇಬೇಕು. ಹೇಗೆ ಅಂತ ಕೊನೆಗೆ ಹೇಳುತ್ತೇನೆ. ಆದರೆ "ಗುರುತು ಹಾಕಿದರೆ ಮುಗೀತಲ್ವಾ" ಅಂದಿರಲ್ಲ, ಕಷ್ಟ ಇರುವುದೆಲ್ಲ ಅಲ್ಲೇ. ನಿಮ್ಮ ಯೋಚನೆ ತಪ್ಪಲ್ಲ. ವಿಜ್ಞಾನಿಗಳು ಹೊರಟದ್ದೂ ಅದೇ ಯೋಚನೆಯಿಂದ.

ಮೊದಲು ಗಾಮಾ ಕಿರಣವನ್ನೇ, ಅಂದರೆ ಅತಿ ಹೆಚ್ಚು ಶಕ್ತಿಯ ಬೆಳಕನ್ನೇ, ಯಾಕೆ ಹಿಡಿದುಕೊಂಡೆವು ಅಂತ ನೋಡೋಣ. ಎಲ್ಲೋ ಒಂದು ಕಡೆ ಪ್ರೋಟಾನ್‌ಗಳು ವಿಪರೀತ ವೇಗ ಪಡೆಯುತ್ತವೆ. ಅವು ಹೋಗಿ ಇನ್ನೊಂದು ಪ್ರೋಟಾನಿಗೋ ಬೆಳಕಿನ ಕಣಕ್ಕೋ ಢಿಕ್ಕಿ ಹೊಡೆಯುತ್ತವೆ. ಆ ಢಿಕ್ಕಿಯಲ್ಲಿ ಪಯಾನ್ ಎಂಬ ಕಣಗಳು ಹುಟ್ಟುತ್ತವೆ. ಚಾರ್ಜ್ ಇರುವ ಪಯಾನ್ ಒಡೆದರೆ ನ್ಯೂಟ್ರಿನೊ, ಅಂದರೆ ಯಾವುದಕ್ಕೂ ಹೆಚ್ಚು ತಾಗದೆ ತೂರಿಹೋಗುವ, ಚಾರ್ಜ್ ಇಲ್ಲದ ಕಣ. ಚಾರ್ಜ್ ಇಲ್ಲದ ಪಯಾನ್ ಒಡೆದರೆ ಎರಡು ಗಾಮಾ ಕಿರಣ. ಅಂದರೆ ಇವೆರಡೂ ಒಂದೇ ಜಗಳದಲ್ಲಿ ಹುಟ್ಟಿದ ಮಕ್ಕಳು. ಆ ಪ್ರೋಟಾನ್‌ಗಳೇ ನಮ್ಮವರೆಗೆ ಬಂದಾಗ ಅವನ್ನು ವಿಶ್ವಕಿರಣ ಅಂತೀವಿ. 1912ರಲ್ಲಿ ವಿಕ್ಟರ್ ಹೆಸ್ ಬಲೂನಿನಲ್ಲಿ ಮೇಲೇರಿ ಅವನ್ನು ಕಂಡುಹಿಡಿದರು. ನೂರು ವರ್ಷ ದಾಟಿದರೂ ಅತಿ ಹೆಚ್ಚು ಶಕ್ತಿಯ ವಿಶ್ವಕಿರಣಗಳ ಊರು ಯಾವುದು ಅಂತ ಗೊತ್ತಾಗಿಲ್ಲ. ಯಾಕೆಂದರೆ ಪ್ರೋಟಾನಿಗೆ ಚಾರ್ಜ್ ಇದೆ, ದಾರಿಯ ಕಾಂತಕ್ಷೇತ್ರಗಳು ಅದನ್ನು ತಿರುಗಿಸಿಬಿಡುತ್ತವೆ. ಗಾಮಾ ಕಿರಣ ಮತ್ತು ನ್ಯೂಟ್ರಿನೊ ಮಾತ್ರ ನೇರ ಬರುತ್ತವೆ.

ನಮ್ಮ ಕಡೆ ಜಾತ್ರೆಯಲ್ಲಿ ಗರ್ನಾಲು ಸಿಡಿಸುತ್ತಾರಲ್ಲ, ಅದನ್ನು ನೆನಪು ಮಾಡಿಕೊಳ್ಳಿ. ಬೆಳಕೂ ಸದ್ದೂ ಒಂದೇ ಕಡೆ ಹುಟ್ಟುತ್ತವೆ. ಸದ್ದು ಯಾವ ಮೂಲೆಯಿಂದ ಬಂತು ಅಂತ ಕಿವಿಗೆ ಸರಿಯಾಗಿ ಗೊತ್ತಾಗುವುದಿಲ್ಲ, ಬೆಳಕು ಕಂಡರೆ ಜಾಗ ಸಿಕ್ಕಿಬಿಡುತ್ತದೆ. ಇಲ್ಲಿ ನ್ಯೂಟ್ರಿನೊ ಸದ್ದು, ಗಾಮಾ ಕಿರಣ ಬೆಳಕು. ಈ ಹೋಲಿಕೆ ಮುಂದೆಯೂ ಬೇಕಾಗುತ್ತದೆ, ಇಟ್ಟುಕೊಂಡಿರಿ.

ಇದೇ ಪಯಾನ್ ಕೆಲಸ ನಮ್ಮ ತಲೆಯ ಮೇಲಿನ ಗಾಳಿಯಲ್ಲೂ ಹಗಲು ರಾತ್ರಿ ನಡೆಯುತ್ತಿದೆ. ವಿಶ್ವಕಿರಣ ಗಾಳಿಗೆ ಬಡಿಯುತ್ತದೆ, ಪಯಾನ್ ಹುಟ್ಟುತ್ತದೆ, ನ್ಯೂಟ್ರಿನೊ ಬರುತ್ತದೆ. ಗಾಳಿಯಲ್ಲಿ ಹುಟ್ಟಿದ ಆ ನ್ಯೂಟ್ರಿನೊಗಳನ್ನು ಜಗತ್ತಿನಲ್ಲೇ ಮೊದಲು ಹಿಡಿದದ್ದು 1965ರಲ್ಲಿ. ಹಿಡಿದ ಎರಡು ತಂಡಗಳಲ್ಲಿ ಒಂದು ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿತ್ತು, ನೆಲದಿಂದ ಎರಡು ಕಿಲೋಮೀಟರಿಗೂ ಜಾಸ್ತಿ ಆಳದಲ್ಲಿ. ಇನ್ನೊಂದು ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿತ್ತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನವರ ಜೊತೆ ಸೇರಿ ಕೋಲಾರದ ಪ್ರಯೋಗ ನಡೆಸಿದರು. ಆ ತಂಡದ ಬಿ.ವಿ. ಶ್ರೀಕಂಠನ್ ಅವರು ನಂಜನಗೂಡಿನ ಕಡೆಯವರು. ನಾನು ಪಾಠ ಮಾಡುವಾಗ ಈ ಮಾತು ಹೇಳದೆ ಒಂದು ವರ್ಷವೂ ಬಿಟ್ಟಿಲ್ಲ. ನ್ಯೂಟ್ರಿನೊ ಎಲ್ಲೋ ಪರದೇಶದ ವಿಷಯ ಅಂತ ನಮ್ಮ ಮಕ್ಕಳು ತಿಳಿಯಬಾರದು.

ಆದರೆ ಇವತ್ತಿನ ಹುಡುಕಾಟಕ್ಕೆ ಆ ಗಾಳಿಯ ನ್ಯೂಟ್ರಿನೊಗಳೇ ದೊಡ್ಡ ತೊಂದರೆ. ಐಸ್‌ಕ್ಯೂಬ್ ಅಂದರೆ ಒಂದು ಘನ ಕಿಲೋಮೀಟರ್ ಮಂಜುಗಡ್ಡೆ. 1,450 ಮೀಟರಿನಿಂದ 2,450 ಮೀಟರ್ ಆಳದವರೆಗೆ 86 ಕೇಬಲ್‌ಗಳಲ್ಲಿ ಬೆಳಕು ಹಿಡಿಯುವ 5,160 ಸೆನ್ಸರ್‌ಗಳು ಜೋತು ಬಿದ್ದಿವೆ. 2010ರ ಡಿಸೆಂಬರಿನಲ್ಲಿ ಕಟ್ಟಿ ಮುಗಿಸಿದರು. ಅದಕ್ಕೆ ಗಾಳಿಯಲ್ಲಿ ಹುಟ್ಟಿದ ನ್ಯೂಟ್ರಿನೊ ವರ್ಷಕ್ಕೆ ಸುಮಾರು ಒಂದು ಲಕ್ಷ ಸಿಗುತ್ತವೆ. ದೂರದ ಆಕಾಶದಿಂದ ಬಂದದ್ದು ಅಂತ ಧೈರ್ಯವಾಗಿ ಹೇಳಬಹುದಾದದ್ದು ಹತ್ತಾರು ಮಾತ್ರ. ಗಾಳಿಯಲ್ಲೇ ಹುಟ್ಟಿ ಸೆಕೆಂಡಿಗೆ ಸುಮಾರು ಮೂರು ಸಾವಿರದಂತೆ ಮೇಲಿನಿಂದ ಸುರಿಯುವ ಮ್ಯೂಯಾನ್ ಎಂಬ ಕಣಗಳು ಬೇರೆ. ಮೀನು ಮಾರ್ಕೆಟಿನಲ್ಲಿ ನಿಂತು ಒಬ್ಬರ ಪಿಸುಮಾತು ಕೇಳಿಸಿಕೊಳ್ಳುವ ಹಾಗೆ.

ಸಿಕ್ಕ ಘಟನೆಗಳಲ್ಲಿ ಎರಡು ಜಾತಿ. ಕೆಲವು ಮಂಜುಗಡ್ಡೆಯಲ್ಲಿ ಉದ್ದಕ್ಕೆ ಗೆರೆ ಎಳೆಯುತ್ತವೆ. ಅವುಗಳ ದಿಕ್ಕನ್ನು ಒಂದು ಡಿಗ್ರಿಯ ಆಸುಪಾಸಿನಲ್ಲಿ, ಕೆಲವೊಮ್ಮೆ ಅದಕ್ಕಿಂತ ಚೆನ್ನಾಗಿ ಹೇಳಬಹುದು. ಇನ್ನು ಕೆಲವು ಉಂಡೆಯ ಹಾಗೆ ಒಂದೇ ಕಡೆ ಹೊಳೆದು ಮುಗಿಯುತ್ತವೆ. ಅವುಗಳ ದಿಕ್ಕಿನಲ್ಲಿ ಹತ್ತು ಡಿಗ್ರಿ ಆಚೀಚೆ ಆಗುವುದು ಸಾಮಾನ್ಯ.

ಈಗ ನಿಮ್ಮ ನಕ್ಷೆಗೆ ಬರೋಣ. ಗಾಮಾ ಕಿರಣ ನೋಡುವ ಫರ್ಮಿ ಉಪಗ್ರಹ 2008ರ ಜೂನ್‌ನಲ್ಲಿ ಮೇಲೆ ಹೋಯಿತು. ಅದು ಮೂರು ಗಂಟೆಗೊಮ್ಮೆ ಇಡೀ ಆಕಾಶವನ್ನು ನೋಡಿ ಮುಗಿಸುತ್ತದೆ. ಅದರ ಎಂಟು ವರ್ಷಗಳ ಪಟ್ಟಿಯಲ್ಲಿ 5,064 ಗಾಮಾ ಮೂಲಗಳಿವೆ. ಅರ್ಧಕ್ಕಿಂತ ಜಾಸ್ತಿ ಬ್ಲೇಝಾರ್‌ಗಳು. ಬ್ಲೇಝಾರ್ ಅಂದರೆ ದೊಡ್ಡ ಕಪ್ಪು ಕುಳಿ ಇರುವ ಗ್ಯಾಲಕ್ಸಿ. ಅದರಿಂದ ಚಿಮ್ಮುವ ಕಾರಂಜಿ ಹೆಚ್ಚು ಕಡಿಮೆ ನೇರವಾಗಿ ನಮ್ಮ ಕಡೆಗೇ ಇರುತ್ತದೆ.

ಒಂದು ಲೆಕ್ಕ ಮಾಡಿ. ಇಡೀ ಆಕಾಶ ಸುಮಾರು 41,253 ಚದರ ಡಿಗ್ರಿ. 5,064ನ್ನು ಅದರಿಂದ ಭಾಗಿಸಿದರೆ ಚದರ ಡಿಗ್ರಿಗೆ ಸುಮಾರು 0.12 ಮೂಲ. ನ್ಯೂಟ್ರಿನೊದ ದಿಕ್ಕಿನ ಸುತ್ತ ಒಂದು ಡಿಗ್ರಿ ತ್ರಿಜ್ಯದ ವೃತ್ತ ಎಳೆಯಿರಿ. ಅದರ ವಿಸ್ತೀರ್ಣ 3.14 ಚದರ ಡಿಗ್ರಿ. ಕೈ ಚಾಚಿ ಕಿರುಬೆರಳು ಹಿಡಿದರೆ ಅದರ ಅಗಲ ಒಂದು ಡಿಗ್ರಿ. ಹಾಗಾಗಿ ಈ ವೃತ್ತದ ಅಗಲ ಎರಡು ಕಿರುಬೆರಳು ಜೋಡಿಸಿದಷ್ಟು. ಅಷ್ಟು ಜಾಗದಲ್ಲಿ ಸರಾಸರಿ 0.39 ಮೂಲ ಬೀಳುತ್ತದೆ. ಅಂದರೆ ಆಕಾಶದ ಯಾವ ಮೂಲೆಗೆ ಸುಮ್ನೆ ಕಲ್ಲು ಎಸೆದರೂ ಮೂರರಲ್ಲಿ ಒಂದು ಸಲ ಪಕ್ಕದಲ್ಲಿ ಒಂದು ಗಾಮಾ ಮೂಲ ಇದ್ದೇ ಇರುತ್ತದೆ! ಹಾಗಾದರೆ "ಜೋಡಿ ಸಿಕ್ಕಿತು" ಅನ್ನುವುದಕ್ಕೆ ಏನು ಬೆಲೆ?

ಕೆಲವು ವರ್ಷದ ಹಿಂದೆ ಉಡುಪಿಯ ಒಬ್ಬ ಹುಡುಗ ಪ್ರಾಜೆಕ್ಟ್ ಹಿಡಿದುಕೊಂಡು ನಮ್ಮ ಮನೆಗೆ ಬಂದಿದ್ದ. ದೊಡ್ಡ ಹಾಳೆಯಲ್ಲಿ ಫರ್ಮಿಯ ಮೂಲಗಳನ್ನು ಕೆಂಪು ಚುಕ್ಕಿಗಳಾಗಿ ಪ್ರಿಂಟ್ ತೆಗೆಸಿದ್ದ. ನ್ಯೂಟ್ರಿನೊಗಳ ವೃತ್ತಗಳು ಬೇರೆ ಪಾರದರ್ಶಕ ಹಾಳೆಯಲ್ಲಿದ್ದವು. ಒಂದರ ಮೇಲೊಂದು ಇಟ್ಟು ತೋರಿಸಿದ. ಮೂರಕ್ಕೊಂದು ವೃತ್ತದೊಳಗೆ ಕೆಂಪು ಚುಕ್ಕಿ. ಹುಡುಗನ ಮುಖ ಅರಳಿತ್ತು. ಮೇಲಿನ ಹಾಳೆಯನ್ನು ಒಂದು ಇಂಚು ಬಲಕ್ಕೆ ಸರಿಸು ಅಂದೆ. ಸರಿಸಿದ. ಈಗ ಎಣಿಸು ಅಂದೆ. ಪೆನ್ಸಿಲ್ ತುದಿಯಿಟ್ಟು ಒಂದೊಂದಾಗಿ ಎಣಿಸಿದ. ಹೆಚ್ಚು ಕಡಿಮೆ ಅಷ್ಟೇ ಜೋಡಿ ಬಂತು. ಇನ್ನೊಂದು ಇಂಚು ಸರಿಸಿದ. ಈ ಸಲ ಮೊದಲಿಗಿಂತ ಒಂದೆರಡು ಜಾಸ್ತಿಯೇ ಸಿಕ್ಕಿತು. ಅವನು ಎಣಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. ಅವತ್ತು ಅವನು ಕಲಿತದ್ದು ಯಾವ ಪಠ್ಯಪುಸ್ತಕದಲ್ಲೂ ಅಷ್ಟು ಚೆನ್ನಾಗಿ ಸಿಗುವುದಿಲ್ಲ.

ಐಸ್‌ಕ್ಯೂಬ್‌ನವರು ಮಾಡುವುದೂ ಇದನ್ನೇ, ಕಂಪ್ಯೂಟರಿನಲ್ಲಿ ಸಾವಿರಾರು ಸಲ. ಹಾಳೆಯನ್ನು ಅಡ್ಡಕ್ಕೆ ಮಾತ್ರ ಸರಿಸಬೇಕು, ಮೇಲೆ ಕೆಳಗೆ ಅಲ್ಲ. ಯಾಕೆ ಗೊತ್ತಾ? ಐಸ್‌ಕ್ಯೂಬ್ ಕೂತಿರುವುದು ಸರಿಯಾಗಿ ಧ್ರುವದಲ್ಲಿ. ಭೂಮಿ ತಿರುಗಿದಾಗ ಅಡ್ಡಕ್ಕಿರುವ ಎಲ್ಲ ದಿಕ್ಕುಗಳೂ ಅದಕ್ಕೆ ಸಮಾನವಾಗಿ ಸಿಗುತ್ತವೆ. ಆದರೆ ಮೇಲಿನ ಆಕಾಶ, ಕೆಳಗಿನ ಆಕಾಶ ಒಂದೇ ಥರ ಅಲ್ಲ. ಮೇಲಿನಿಂದ ಮ್ಯೂಯಾನ್ ಮಳೆ ಸುರಿಯುತ್ತದೆ. ಕೆಳಗಿನಿಂದ ಬರುವುದನ್ನು ಭೂಮಿಯೇ ಜರಡಿ ಹಿಡಿದು ಕೊಡುತ್ತದೆ. ಅದಕ್ಕೇ ಐಸ್‌ಕ್ಯೂಬ್‌ಗೆ ಚೆನ್ನಾಗಿ ಕಾಣುವುದು ಉತ್ತರದ ಆಕಾಶ, ಅಂದರೆ ನಮ್ಮ ತಲೆಯ ಮೇಲಿನ ಆಕಾಶ.

ದಿಕ್ಕು ಒಂದೇ ಸಾಲದು ಅಂತಾಯಿತು. ಜೊತೆಗೆ ಸಮಯವೂ ಹೊಂದಬೇಕು. ಬ್ಲೇಝಾರ್‌ಗಳು ಒಂದೇ ಸಮನೆ ಉರಿಯುವುದಿಲ್ಲ, ಆಗಾಗ ಭುಗಿಲೇಳುತ್ತವೆ. ಭುಗಿಲೆದ್ದಾಗಲೇ ನ್ಯೂಟ್ರಿನೊ ಬಂದರೆ ನಂಬಿಕೆ ಹೆಚ್ಚುತ್ತದೆ. ಆದರೆ ಉಂಡೆ ಜಾತಿಯ ಘಟನೆಗಳಲ್ಲಿ ಸಮಯ ಹೊಂದಿದರೂ ಕಷ್ಟವೇ. 2012ರ ಡಿಸೆಂಬರಿನಲ್ಲಿ ಬಂದ 2 ಪಿಇವಿ ಶಕ್ತಿಯ (ಟಿಇವಿ, ಪಿಇವಿ ಕಣಗಳ ಶಕ್ತಿಯ ಅಳತೆ; ಒಂದು ಪಿಇವಿ ಅಂದರೆ ಸಾವಿರ ಟಿಇವಿ) ಒಂದು ನ್ಯೂಟ್ರಿನೊಗೆ ಆಗ ಜೋರಾಗಿ ಉರಿಯುತ್ತಿದ್ದ ಒಂದು ಬ್ಲೇಝಾರ್‌ನ ಜೋಡಿ ಸಿಕ್ಕಿತ್ತು. ಅದು ಕಾಕತಾಳೀಯ ಆಗಿರುವ ಸಾಧ್ಯತೆ ಶೇ. 5 ಅಂತ ಲೆಕ್ಕ ಬಂತು. ಇಪ್ಪತ್ತಕ್ಕೆ ಒಂದು. ಅಷ್ಟರ ಮೇಲೆ ನಂಬಿ ಕೂರಲು ಆಗುವುದಿಲ್ಲ.

2017ರ ಸೆಪ್ಟೆಂಬರ್ 22ರ ಕಥೆ ಇದಕ್ಕಿಂತ ಗಟ್ಟಿ. ನಮ್ಮ ಗಡಿಯಾರದಲ್ಲಿ ಅದು 23ರ ಬೆಳಗಿನ ಜಾವ 2 ಗಂಟೆ 24 ನಿಮಿಷ. ನವರಾತ್ರಿ ಶುರುವಾಗಿ ಎರಡು ದಿನ ಆಗಿತ್ತು, ಕುದ್ರೋಳಿಯಲ್ಲಿ ದಸರಾ ಸಂಭ್ರಮ. ಆ ಹೊತ್ತಿಗೆ ಸುಮಾರು 290 ಟಿಇವಿ ಶಕ್ತಿಯ ಒಂದು ನ್ಯೂಟ್ರಿನೊ ಐಸ್‌ಕ್ಯೂಬ್‌ನ ದಿಗಂತಕ್ಕಿಂತ ಆರು ಡಿಗ್ರಿಯಷ್ಟು ಕೆಳಗಿನಿಂದ, ಸಾವಿರದ ಇನ್ನೂರು ಕಿಲೋಮೀಟರ್‌ನಷ್ಟು ನೆಲವನ್ನು ತೂರಿಕೊಂಡು ಬಂತು. ಯುರೋಪಿನ ಸರ್ನ್ ಪ್ರಯೋಗಾಲಯದ ದೊಡ್ಡ ಯಂತ್ರದಲ್ಲಿ ಒಂದು ಪ್ರೋಟಾನಿಗೆ ಕೊಡುವ ಶಕ್ತಿ 6.8 ಟಿಇವಿ. ಇದು ಅದರ ನಲವತ್ತು ಪಟ್ಟಿಗೂ ಜಾಸ್ತಿ. 43 ಸೆಕೆಂಡಿನಲ್ಲಿ ಜಗತ್ತಿನ ದೂರದರ್ಶಕಗಳಿಗೆಲ್ಲ ಸುದ್ದಿ ಹೋಯಿತು. ಸೆಪ್ಟೆಂಬರ್ 28ಕ್ಕೆ ಫರ್ಮಿ ತಂಡ ಹೇಳಿತು: ಆ ದಿಕ್ಕಿನಿಂದ ಬರೀ 0.1 ಡಿಗ್ರಿ ದೂರದಲ್ಲಿ ಟಿಎಕ್ಸ್‌ಎಸ್ 0506+056 ಎಂಬ ಬ್ಲೇಝಾರ್ ಇದೆ, ಅದು ಈಗ ಭುಗಿಲೆದ್ದಿದೆ. ಆಮೇಲೆ ಲಾ ಪಾಲ್ಮಾ ದ್ವೀಪದ ಮ್ಯಾಜಿಕ್ ದೂರದರ್ಶಕಕ್ಕೂ ಅದರಿಂದ ಇನ್ನೂ ಹೆಚ್ಚು ಶಕ್ತಿಯ ಗಾಮಾ ಕಿರಣ ಕಂಡಿತು.

ಈ ಸುದ್ದಿ 2018ರ ಜುಲೈನಲ್ಲಿ ಪ್ರಕಟವಾದಾಗ ನಾನು ಮಕ್ಕಳಿಗೆ ಸಿಹಿ ಹಂಚಿದ್ದೆ. ಆದರೂ ಒಂದು ಮಾತು ಹೇಳಬೇಕು. ಎಲ್ಲ ಲೆಕ್ಕ ಹಾಕಿದ ಮೇಲೆ ಆ ಜೋಡಿಯ ಬಲ ಮೂರು ಸಿಗ್ಮಾ. ಸಾವಿರಕ್ಕೆ ಒಂದೆರಡು ಸಲ ಕಾಕತಾಳೀಯವಾಗಿಯೂ ಆಗಬಹುದಾದ ಮಟ್ಟ ಅದು. ಕಣಭೌತಶಾಸ್ತ್ರದಲ್ಲಿ "ಕಂಡುಹಿಡಿದೆವು" ಅನ್ನಲು ಐದು ಸಿಗ್ಮಾ ಬೇಕು. ಅಂದರೆ ಮೂವತ್ತೈದು ಲಕ್ಷಕ್ಕೆ ಒಂದು. ಅಲ್ಲದೆ ಆ ಬ್ಲೇಝಾರ್ ಏಪ್ರಿಲ್‌ನಿಂದಲೇ ಉರಿಯುತ್ತಿತ್ತು. ಆರು ತಿಂಗಳು ಉರಿಯುವ ದೀಪದ ಹೊತ್ತಿಗೆ ಒಂದು ಸದ್ದು ಕೇಳಿದ್ದನ್ನು ತೀರಾ ನಿಖರವಾದ ಹೊಂದಾಣಿಕೆ ಅನ್ನಲಾಗದು.

ನಂತರ ಹಳೆಯ ಡೇಟಾ ತೆಗೆದು ನೋಡಿದರು. 2014ರ ಕೊನೆಯಿಂದ 2015ರ ಮೊದಲ ತಿಂಗಳುಗಳವರೆಗೆ ಅದೇ ಬ್ಲೇಝಾರ್ ದಿಕ್ಕಿನಿಂದ ಹದಿಮೂರರಷ್ಟು ಹೆಚ್ಚುವರಿ ನ್ಯೂಟ್ರಿನೊಗಳು ಬಂದಿದ್ದವು. ಅಬ್ಬಾ, ಹಾಗಾದರೆ ಆಗ ಗಾಮಾದಲ್ಲಿ ಎಷ್ಟು ಉರಿದಿರಬೇಕು ಅಂತ ನೋಡಿದರೆ, ಇಲ್ಲ! ಗಾಮಾದಲ್ಲಿ ಅದು ಆಗ ತಣ್ಣಗಿತ್ತು. ಸದ್ದು ಹದಿಮೂರು ಸಲ, ಬೆಳಕು ಇಲ್ಲ.

ಅಷ್ಟರೊಳಗೆ ಇನ್ನೊಂದು ಕಡೆಯಿಂದಲೂ ಇದೇ ಥರದ ಉತ್ತರ ಬಂದಿತ್ತು. ಫರ್ಮಿಯ 862 ಬ್ಲೇಝಾರ್‌ಗಳನ್ನು ಒಟ್ಟಿಗೆ ತೆಗೆದುಕೊಂಡು, ಇವೆಲ್ಲ ಸೇರಿ ಎಷ್ಟು ನ್ಯೂಟ್ರಿನೊ ಕೊಟ್ಟಿರಬಹುದು ಅಂತ ಐಸ್‌ಕ್ಯೂಬ್ ಲೆಕ್ಕ ಹಾಕಿತು. ದೂರದಿಂದ ಬರುವ ಒಟ್ಟು ನ್ಯೂಟ್ರಿನೊಗಳಲ್ಲಿ ಹೆಚ್ಚೆಂದರೆ ಶೇ. 27. ಗಾಮಾ ಸ್ಫೋಟಗಳನ್ನು, ಅಂದರೆ ಸ್ವಲ್ಪ ಹೊತ್ತು ಮಾತ್ರ ಬಹಳ ಜೋರಾಗಿ ಹೊಳೆಯುವ ಗಾಮಾ ಮಿಂಚುಗಳನ್ನು, ನೋಡಿದರೆ ಅವುಗಳ ಪಾಲು ಶೇ. 1ರಷ್ಟೂ ಇಲ್ಲ. ಗಾಮಾ ಆಕಾಶದಲ್ಲಿ ಎಲ್ಲಕ್ಕಿಂತ ಜೋರಾಗಿ ಹೊಳೆಯುವವರು ನ್ಯೂಟ್ರಿನೊ ಆಕಾಶದ ದೊಡ್ಡವರಲ್ಲ.

ಇದಕ್ಕೆ ಕಾರಣ ಎರಡು. ಜಾತ್ರೆಗೆ ವಾಪಸ್ ಹೋಗೋಣ.

ಮೊದಲನೆಯದು, ಬೆಳಕು ಕಂಡಲ್ಲೆಲ್ಲ ಗರ್ನಾಲು ಇರಬೇಕಾಗಿಲ್ಲ. ಚುರುಮುರಿ ಗಾಡಿಯ ಬಲ್ಬಿನಲ್ಲೂ ಬೆಳಕಿದೆ, ಸದ್ದಿಲ್ಲ. ಗಾಮಾ ಕಿರಣ ಪ್ರೋಟಾನಿನಿಂದಲೇ ಬರಬೇಕು ಅಂತಿಲ್ಲ. ವೇಗದ ಎಲೆಕ್ಟ್ರಾನ್ ಮಾಮೂಲಿ ಬೆಳಕಿನ ಕಣವನ್ನು ಗುದ್ದಿ ಗಾಮಾ ಮಾಡಬಲ್ಲದು. ಅದರಲ್ಲಿ ಪಯಾನ್ ಇಲ್ಲ, ನ್ಯೂಟ್ರಿನೊ ಇಲ್ಲ. ಬ್ಲೇಝಾರ್‌ಗಳ ಗಾಮಾದಲ್ಲಿ ಬಹುಪಾಲು ಇಂಥದ್ದೇ ಇರಬಹುದು.

ಎರಡನೆಯದು ನನಗೆ ಈ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟ. ಗರ್ನಾಲನ್ನು ದೇವಸ್ಥಾನದ ಹಿಂದೆ ಗೋಡೆಯ ಮರೆಯಲ್ಲಿ ಸಿಡಿಸಿದರೆ? ಸದ್ದು ಊರಿಗೆಲ್ಲ ಕೇಳುತ್ತದೆ, ಬೆಳಕು ಗೋಡೆಗೆ ಬಡಿದು ಮುಗಿಯುತ್ತದೆ. 2022ರ ನವೆಂಬರಿನಲ್ಲಿ ಐಸ್‌ಕ್ಯೂಬ್ ತೋರಿಸಿದ್ದು ಇಂಥ ಮನೆಯನ್ನೇ. ಎನ್‌ಜಿಸಿ 1068 ಎಂಬ ಗ್ಯಾಲಕ್ಸಿ, ಎಂ77 ಅಂತಲೂ ಹೆಸರು. ಸುಮಾರು 4.7 ಕೋಟಿ ಜ್ಯೋತಿರ್ವರ್ಷ ದೂರ. ಆ ದಿಕ್ಕಿನಿಂದ 79ರಷ್ಟು ಹೆಚ್ಚುವರಿ ನ್ಯೂಟ್ರಿನೊ ಬಂದಿದ್ದವು, ಬಲ 4.2 ಸಿಗ್ಮಾ. ನ್ಯೂಟ್ರಿನೊ ಅಷ್ಟಿದ್ದರೆ ಅದೇ ಶಕ್ತಿಯ ಗಾಮಾ ಕಿರಣವೂ ಹೆಚ್ಚು ಕಡಿಮೆ ಅಷ್ಟೇ ಇರಬೇಕಲ್ವಾ? ಮ್ಯಾಜಿಕ್ ದೂರದರ್ಶಕ ಸುಮಾರು 125 ಗಂಟೆ ನೋಡಿತ್ತು. ಏನೂ ಸಿಕ್ಕಿರಲಿಲ್ಲ. ಇರಬೇಕಾದುದರ ಹತ್ತನೇ ಒಂದು ಪಾಲೂ ಅಲ್ಲಿಲ್ಲ.

ಆ ಗಾಮಾ ಎಲ್ಲಿ ಹೋಯಿತು? ಕಪ್ಪು ಕುಳಿಯ ತೀರಾ ಹತ್ತಿರ ಎಕ್ಸ್-ರೇಗಳ ದಟ್ಟಣೆ ಇರುತ್ತದೆ. ಗಾಮಾ ಕಿರಣ ಎಕ್ಸ್-ರೇ ಕಣಕ್ಕೆ ಬಡಿದರೆ ಎರಡೂ ಸೇರಿ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಆಗಿಬಿಡುತ್ತವೆ. ಗಾಮಾ ಅಲ್ಲಿಗೆ ಮುಗಿಯಿತು, ಅದರ ಶಕ್ತಿ ಚಿಲ್ಲರೆಯಾಗಿ ಕಡಿಮೆ ಶಕ್ತಿಯ ಕಿರಣಗಳಲ್ಲಿ ಹೊರಬರುತ್ತದೆ. ನ್ಯೂಟ್ರಿನೊ ಮಾತ್ರ ಏನೂ ಆಗದ ಹಾಗೆ ಹೊರಗೆ ಬರುತ್ತದೆ. ಈಗ ಯೋಚನೆ ಮಾಡಿ. ನ್ಯೂಟ್ರಿನೊ ಜಾಸ್ತಿ ಹುಟ್ಟಬೇಕಾದರೆ ಪ್ರೋಟಾನ್‌ಗೆ ಢಿಕ್ಕಿ ಹೊಡೆಯಲು ದಟ್ಟವಾದ ಏನಾದರೂ ಬೇಕು. ಆ ದಟ್ಟಣೆಯೇ ಗಾಮಾವನ್ನು ನುಂಗುತ್ತದೆ. ಒಳ್ಳೆಯ ನ್ಯೂಟ್ರಿನೊ ಕಾರ್ಖಾನೆ ಅಂದರೆ ಗಾಮಾ ಹೊರಗೆ ಬಾರದ ಜಾಗ! ನಾವು ಇಷ್ಟು ವರ್ಷ ಬೆಳಕಿದ್ದ ಕಡೆ ಹುಡುಕುತ್ತಿದ್ದೆವು.

ಆದ್ದರಿಂದ ಈಗ ಹುಡುಕಾಟ ಎಕ್ಸ್-ರೇ ಕಡೆಗೂ ತಿರುಗಿದೆ. ಎಕ್ಸ್-ರೇಯಲ್ಲಿ ಹೊಳೆಯುವ ಎನ್‌ಜಿಸಿ 4151 ಎಂಬ ಇನ್ನೊಂದು ಗ್ಯಾಲಕ್ಸಿಯ ಕಡೆಯಿಂದಲೂ ಸಣ್ಣ ಸುಳಿವು ಬಂದಿದೆ. ಬಹಳ ದೂರದ ಮೂಲಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಗಾಮಾ ಮನೆಯಿಂದ ಹೊರಟರೂ ದಾರಿಯುದ್ದಕ್ಕೂ ಹರಡಿರುವ ನಕ್ಷತ್ರಗಳ ಬೆಳಕಿಗೆ ಬಡಿದು ಕರಗುತ್ತದೆ. ಬೆಳಗ್ಗೆ ಆಗುಂಬೆ ಘಾಟಿಯ ಮಂಜಿನಲ್ಲಿ ಎದುರಿನ ಬಸ್ಸಿನ ಹೆಡ್‌ಲೈಟ್ ಕಾಣದ ಹಾಗೆ.

ಹಾಗಂತ ಗಾಮಾ ನಕ್ಷೆ ನಿಷ್ಪ್ರಯೋಜಕ ಅಂತ ತಿಳಿಯಬೇಡಿ. 2023ರ ಜೂನ್‌ನಲ್ಲಿ ನಮ್ಮ ಹಾಲುಹಾದಿಯಿಂದಲೇ ನ್ಯೂಟ್ರಿನೊ ಬರುತ್ತಿವೆ ಅಂತ ಐಸ್‌ಕ್ಯೂಬ್ 4.5 ಸಿಗ್ಮಾ ಬಲದಲ್ಲಿ ಹೇಳಿತು. ಅದಕ್ಕೆ ಅಚ್ಚಾಗಿ ಬಳಸಿದ ನಕ್ಷೆಗಳಲ್ಲಿ ಫರ್ಮಿಯ ಗಾಮಾ ನಕ್ಷೆಯಿಂದ ತಯಾರಾದದ್ದೂ ಒಂದು. ಹಾಲುಹಾದಿಯ ಅನಿಲ ತೆಳು, ಅಲ್ಲಿ ಬೆಳಕಿಗೆ ಗೋಡೆ ಅಡ್ಡವಿಲ್ಲ. ಚೀನಾದ ಲಾಸೊ ವೀಕ್ಷಣಾಲಯ ನಮ್ಮ ಗ್ಯಾಲಕ್ಸಿಯಲ್ಲೇ ಪಿಇವಿ ಮಟ್ಟದ ಗಾಮಾ ಕಿರಣಗಳನ್ನು ಕಂಡಿದೆ. ನಮ್ಮ ಲಡಾಖಿನ ಹಾನ್ಲೆಯಲ್ಲಿ ಸುಮಾರು 4,300 ಮೀಟರ್ ಎತ್ತರದಲ್ಲಿ 21 ಮೀಟರ್ ಅಗಲದ ಮೇಸ್ ಗಾಮಾ ದೂರದರ್ಶಕ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಗಿದೆ. ನಿಮ್ಮ ವಯಸ್ಸಿನವರಿಗೆ ಅಲ್ಲಿ ಕೆಲಸ ಇದೆ.

ಇನ್ನು ನಿಮ್ಮ ಲ್ಯಾಪ್‌ಟಾಪ್. ಫರ್ಮಿಯ ಪಟ್ಟಿ ಮತ್ತು ಐಸ್‌ಕ್ಯೂಬ್ 2021ರಲ್ಲಿ ಬಿಟ್ಟುಕೊಟ್ಟ ಹತ್ತು ವರ್ಷಗಳ ಡೇಟಾ ಎರಡೂ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಹತ್ತು ವರ್ಷದ್ದರಲ್ಲಿ ಬಹುಪಾಲು ಗಾಳಿಯಲ್ಲಿ ಹುಟ್ಟಿದ ನ್ಯೂಟ್ರಿನೊ, ಮ್ಯೂಯಾನ್‌ಗಳೇ. ಹಾಗಾಗಿ ಮೊದಲ ಸಲಕ್ಕೆ ಐಸ್‌ಕ್ಯೂಬ್ ಜಗತ್ತಿಗೆ ತುರ್ತು ಸುದ್ದಿ ಕಳಿಸಿದ ಘಟನೆಗಳ ಪಟ್ಟಿಯನ್ನು ತೆಗೆದುಕೊಳ್ಳಿ, ಅದು ಚಿಕ್ಕದು. ಪೈಥಾನ್ ಸ್ವಲ್ಪ ಬಂದರೆ ಸಾಕು. ಆದರೆ ಕಂಪ್ಯೂಟರ್ ತೆರೆಯುವ ಮೊದಲು ಒಂದು ಕಾಗದದಲ್ಲಿ ಬರೆದಿಡಿ: ಯಾವ ಜಾತಿಯ ಮೂಲ ನೋಡುತ್ತೇನೆ, ಎಷ್ಟು ಡಿಗ್ರಿಯ ವೃತ್ತ, ಯಾವ ಶಕ್ತಿಯ ಮೇಲಿನವು. ತಾರೀಕು ಹಾಕಿ. ಆಮೇಲೆ ಅದನ್ನು ಬದಲಾಯಿಸಬೇಡಿ. ವೃತ್ತವನ್ನು ಸ್ವಲ್ಪ ದೊಡ್ಡದು ಮಾಡಿದರೆ ಜೋಡಿ ಸಿಗುತ್ತಿತ್ತು ಅಂತ ಆಸೆಯಾಗುತ್ತದೆ, ಎಲ್ಲರಿಗೂ ಆಗುತ್ತದೆ. ಹಾಗೆ ಒಂದೊಂದು ಸಲ ಬದಲಾಯಿಸಿದಾಗಲೂ ಅದು ಹೊಸದಾಗಿ ಕಲ್ಲು ಎಸೆದ ಹಾಗೆ. ಜೋಡಿಗಳನ್ನು ಎಣಿಸಿದ ಮೇಲೆ ನ್ಯೂಟ್ರಿನೊಗಳ ಅಡ್ಡ ದಿಕ್ಕನ್ನು ಮನಬಂದಂತೆ ಬದಲಿಸಿ ಮತ್ತೆ ಎಣಿಸಿ, ಸಾವಿರ ಸಲ. ನಿಜವಾದ ಎಣಿಕೆ ಆ ಸಾವಿರದಲ್ಲಿ ಎಷ್ಟನೆಯ ಜಾಗದಲ್ಲಿ ಕೂರುತ್ತದೆ ನೋಡಿ.

ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ನಕ್ಷತ್ರ ನೋಡುವುದು ಆಗದ ಮಾತು, ಈ ಕೆಲಸಕ್ಕೆ ಅದೇ ಒಳ್ಳೆಯ ಸಮಯ. ಜನವರಿ ನಡುವಿಗೆ ಒಂದು ರಾತ್ರಿ ಹತ್ತು ಗಂಟೆಗೆ ತಣ್ಣೀರುಬಾವಿಯಲ್ಲೋ ಮಲ್ಪೆಯಲ್ಲೋ ದೀಪಗಳಿಂದ ದೂರ ನಿಂತು ತಲೆಯೆತ್ತಿ. ಮಹಾವ್ಯಾಧ ಹೆಚ್ಚು ಕಡಿಮೆ ನೆತ್ತಿಯ ಮೇಲಿರುತ್ತಾನೆ. ಅವನ ಪಶ್ಚಿಮದ ಭುಜ ಬೆಲ್ಲಾಟ್ರಿಕ್ಸ್. ಅಲ್ಲಿಂದ ಸಮುದ್ರದ ಕಡೆಗೆ ನಾಲ್ಕು ಡಿಗ್ರಿ, ನಾಲ್ಕು ಕಿರುಬೆರಳಷ್ಟು ಅಳೆಯಿರಿ. ಟಿಎಕ್ಸ್‌ಎಸ್ ಇರುವುದು ಅಲ್ಲೇ. ಬರಿಗಣ್ಣಿಗೆ ಕಾಣುವುದಿಲ್ಲ, ಆದರೆ ಜಾಗ ಗೊತ್ತಿರಲಿ.

ಎಣಿಕೆ ಮುಗಿದ ಮೇಲೆ ನನಗೆ ಬರೆಯಿರಿ. ಹಾಳೆ ಸರಿಸುವ ಮೊದಲು ಬಂದದ್ದು, ಸರಿಸಿದ ಮೇಲೆ ಬಂದದ್ದು, ಎರಡೂ ಸಂಖ್ಯೆ ಬೇಕು.